ನನ್ನ ಕಾಲ್ಗುಣದ ಹಳದಿ ಲೈಟು

ನನ್ನ ಗಂಡನ ಮನೆಗೆ ನನಗಿಂತ ಮೊದಲೇ ಬಂದು ಕೂತ ಹಿರಿ ಸೊಸೆ ಒಂದು ಪಿಕಪ್ ಗಾಡಿ. ಬಿಳಿ ಬಣ್ಣ, ಹಿಂದಿನ ಹಲಗೆಯ ಮೇಲೆ ‘ಅವ್ವನ ಆಶೀರ್ವಾದ’ ಅಂತ ಕೆಂಪು ಅಕ್ಷರ, ಮುಂದೆ ತೂಗುವ ನಿಂಬೆಹಣ್ಣು ಮೆಣಸಿನಕಾಯಿ. ನಮ್ಮ ಮಾವ ದ್ಯಾಮಪ್ಪನವರು ದಾಂಡೇಲಿಯ ಕಾಗದದ ಮಿಲ್ಲಿನಿಂದ ನಿವೃತ್ತರಾದಾಗ ಹುಬ್ಬಳ್ಳಿಯ ಯಾರದೋ ಕೈಯಿಂದ ಕೊಂಡ ಹಳೇ ಗಾಡಿ ಅದು. ಓಡಿಸುವವನು ನನ್ನ ಗಂಡ ಅಜಯ. ಗಂಡನ ಹೆಸರು ಹಿಡಿಯಬಾರದು, ‘ಅವರು’ ಅನ್ನಬೇಕು ಅಂತ ನಮ್ಮವ್ವ ಕಲಿಸಿದ್ದಾಳೆ. ಇಷ್ಟೆಲ್ಲ ಆದಮೇಲೆ ನನಗೆ ಆ ಮಾತು ಬಾಯಿಗೆ ಬರುವುದಿಲ್ಲ.

ಹಳಿಯಾಳದ ಮಾರ್ಕೆಟ್ಟಿನಿಂದ ತರಕಾರಿ, ಅಕ್ಕಿ, ನೀರಿನ ಕ್ಯಾನು ತುಂಬಿಕೊಂಡು ಗಣೇಶಗುಡಿ, ಜೋಯಿಡಾ ಕಡೆಯ ರೆಸಾರ್ಟುಗಳಿಗೆ ಹಾಕಿ ಬರುವುದು ಅಜಯನ ಕೆಲಸ. ದಾಂಡೇಲಿ ಪಕ್ಕದ ಅಂಬೇವಾಡಿಯ ನಮ್ಮ ಮನೆಯ ಒಲೆ ಉರಿಯುವುದು ಅದರಿಂದಲೇ. ಹಾಗಾಗಿ ಆ ಗಾಡಿಗೆ ಕೆಮ್ಮು ಬಂದರೆ ಮನೆಮಂದಿಗೆಲ್ಲ ಜ್ವರ. ಇದನ್ನು ನಾನು ಒಪ್ಪುತ್ತೇನೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರಲ್ಲ, ಅದನ್ನು ಒಪ್ಪುವುದಿಲ್ಲ. ಆ ಎಮ್ಮೆ ನಾನು, ಪೂರ್ಣಿಮಾ.

ನನ್ನ ತವರು ಮುಂಡಗೋಡದ ಹತ್ತಿರ ಒಂದು ಹಳ್ಳಿ. ಮದುವೆ ನಮ್ಮ ಮನೆಯ ಮುಂದೆಯೇ ಆಯಿತು. ಮದುವೆಗೆಂದು ಗಾಡಿಯನ್ನು ವಾಷಿಂಗಿಗೆ ಬಿಟ್ಟು, ಬಾನೆಟ್ ಎತ್ತಿ ಎಂಜಿನ್ನಿಗೂ ಪೈಪಿನಿಂದ ಜೋರು ನೀರು ಹೊಡೆಸಿ ತಂದಿದ್ದರು. ಮದುಮಗಳಾದ ನನಗೂ ಅಷ್ಟು ಎರೆದಿರಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಹೊರಡುವ ಮುಂಚೆ ನಮ್ಮತ್ತೆ ಕಾಶೆವ್ವ ಮತ್ತೆ ಬಾನೆಟ್ ತೆಗೆಸಿದರು. ವಿಭೂತಿ ಬಳಿದು, ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದು, ಅದರ ನೀರನ್ನು ಒಂದು ಹನಿ ನೆಲಕ್ಕೆ ಬೀಳದಂತೆ ಎಂಜಿನ್ನಿನ ಮೇಲೆ ಹೊಯ್ದರು. ಹೊಸ ಸೊಸೆ ಕೂಡುವ ಗಾಡಿ, ದೃಷ್ಟಿ ತಾಗಬಾರದು ನೋಡಿ.

ಬೇರೆ ಡ್ರೈವರುಗಳು ಗಾಲಿಯ ಮುಂದೆ ನೆಲಕ್ಕೆ ಕಾಯಿ ಒಡೆದು ಕೈಮುಗಿದು ಹೋಗುತ್ತಾರೆ. ನಮ್ಮ ಮನೆಯ ಪದ್ಧತಿ ಬೇರೆ. ಅದು ಬಂದದ್ದು ಮಿಲ್ಲಿನಿಂದ. ಖಂಡೇನವಮಿಯ ಆಯುಧಪೂಜೆಗೆ ಮಾವ ತಾವು ದುಡಿಯುವ ಮಷಿನ್ನಿಗೆ ಕಾಯಿ ಒಡೆದು, ಆ ನೀರನ್ನು ಮಷಿನ್ನಿನ ಮೈಗೆ ಹಾಕುತ್ತಿದ್ದರಂತೆ. ಅದು ಮನೆಯೆತ್ತರದ ಕಬ್ಬಿಣ. ಕಾಯಿನೀರಲ್ಲ, ಒಂದಿಡೀ ಮಳೆಗಾಲ ಸುರಿದರೂ ಅದು ಕೇರ್ ಮಾಡುತ್ತಿರಲಿಲ್ಲ. ನಿವೃತ್ತಿಯಾದಮೇಲೆ ಮಷಿನ್ ಮಿಲ್ಲಿನಲ್ಲೇ ಉಳಿಯಿತು, ಪದ್ಧತಿ ಮಾತ್ರ ಮನೆಗೆ ಬಂತು. ವರ್ಷಕ್ಕೊಮ್ಮೆ ಇದ್ದದ್ದನ್ನು ಅತ್ತೆ ಪ್ರತಿ ಅಮಾವಾಸ್ಯೆಗೆ ಮಾಡಿದರು. ಭಕ್ತಿಗೆ ಯಾರು ಬೇಡ ಅನ್ನುತ್ತಾರೆ?

ಅವತ್ತು ಯಲ್ಲಾಪುರ ದಾಟಿ ಕಾಡಿನ ರಸ್ತೆ ಹಿಡಿದಾಗ ಸ್ಟೇರಿಂಗಿನ ಹಿಂದೆ ಎಂಜಿನ್ ಚಿತ್ರದ ಒಂದು ಹಳದಿ ಲೈಟು ಹತ್ತಿತು. ಗಾಡಿ ಗಕ್ಕನೆ ಸೋತುಹೋಯಿತು. ಅಜಯ ಎಷ್ಟು ತುಳಿದರೂ ಎತ್ತಿನ ಬಂಡಿಯ ನಡಿಗೆ. ನಡುವೆ ಕೂತಿದ್ದ ನಾನು “ಅದೇನ್ರೀ ಲೈಟು?” ಅಂತ ಕೇಳಿದೆ. ಕಿಟಕಿಯ ಪಕ್ಕ ಕೂತಿದ್ದ ಅತ್ತೆ ಲೈಟನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಹುಬ್ಬಳ್ಳಿಯ ಒಂದು ದೊಡ್ಡ ಗ್ಯಾರೇಜಿಗೆ ಗಾಡಿ ಹೋಯಿತು. ಸ್ಟೇರಿಂಗಿನ ಬುಡಕ್ಕೆ ಸ್ಕ್ಯಾನರ್ ಸಿಕ್ಕಿಸಿದರೆ ಗಾಡಿ ತನ್ನ ರೋಗವನ್ನು ತಾನೇ ಹೇಳುತ್ತದೆ, ಒಂದು ಅಕ್ಷರ, ಮುಂದೆ ಒಂದಿಷ್ಟು ಅಂಕಿ. ಅದಕ್ಕೆ ಕೋಡ್ ಅನ್ನುತ್ತಾರೆ. ಡೀಸೆಲ್ ಒತ್ತಡ ಅಳೆಯುವ ಸೆನ್ಸರ್ ಕೆಟ್ಟಿದೆ ಅಂತ ಕೋಡ್ ಹೇಳಿತು. ಸೆನ್ಸರ್ ಬದಲಿಸಿ, ಕೋಡ್ ಅಳಿಸಿ ಕೊಟ್ಟರು. ಲೈಟು ಆರಿತು. ಸ್ವಲ್ಪ ದಿನ ಗಾಡಿ ಚಿಗರೆಯಂತೆ ಓಡಿತು. ಆಮೇಲೆ ಗಣೇಶಗುಡಿಯ ಏರಿನಲ್ಲಿ ಮತ್ತೆ ಅದೇ ಹಳದಿ. ಈ ಸಲ ಕೋಡ್ ಬೇರೆ, ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಅಂತ. ಅದನ್ನೂ ಬದಲಿಸಿದರು. ಮುಂದಿನ ಸಲ ಇನ್ನೊಂದು, ಅದರ ಮುಂದೆ ಮತ್ತೆ ಮೊದಲಿನದೇ. ಹೊಸ ಸೆನ್ಸರ್ ಹಾಕಿದ್ದಲ್ಲವೇ ಅಂತ ಅಜಯ ಜಗಳ ತೆಗೆದರೆ, “ಗಾಡಿ ಹಳೇದ ಐತ್ರಿ” ಅಂದರಂತೆ. ಕುಣಿಯಲಾರದವಳಿಗೆ ನೆಲ ಡೊಂಕು.

ತರಕಾರಿ ಏರಿನ ಮೇಲೆ ಬಾಡಿತು. ರೆಸಾರ್ಟಿನವರು ಒಬ್ಬೊಬ್ಬರೇ ಬೇರೆ ಗಾಡಿ ಹಿಡಿದರು. ಮನೆಯಲ್ಲಿ ಮಾತು ಕಡಿಮೆಯಾಗುತ್ತ ಹೋಯಿತು, ಆದ ಒಂದೆರಡು ಮಾತು ನನ್ನ ಮೇಲೆಯೇ ಆಗುತ್ತಿದ್ದವು.

“ಹೆಸರು ಪೂರ್ಣಿಮಾ. ಬಂದಾಗಿಂದ ಮನ್ಯಾಗ ಬರೇ ಅಮಾಸಿ,” ಅಂದರು ಅತ್ತೆ, ಪಕ್ಕದ ಮನೆಯ ಈರಕ್ಕನ ಮುಂದೆ. ನಾನು ಅಲ್ಲೇ ರೊಟ್ಟಿ ಬಡಿಯುತ್ತಿದ್ದೆ.

“ಕಾಲ್ಗುಣಾ ಕಾಶಕ್ಕಾ,” ಅಂದಳು ಈರಕ್ಕ. “ಆಕಿ ಕುಂತ ದಿನಾನ ಲೈಟ್ ಬಂತಂದ್ರ ಇನ್ನೇನ ಕೇಳೂದೈತಿ?”

ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದರೆ ಕಾಗೆ ಏನು ಮಾಡಬೇಕು? ನಾನು ರೊಟ್ಟಿಯನ್ನೇ ಜೋರಾಗಿ ಬಡಿದೆ. ಅದರ ಮೇಲೂ ಒಂದು ಮಾತು ಬಂತು, ಸೊಸೆಗೆ ಸೊಕ್ಕು ಅಂತ. ಆಮೇಲೆ ಮುಂಜಾನೆ ಗಾಡಿ ಹೊರಡುವಾಗ ನಾನು ಎದುರಿಗೆ ಬರಬಾರದು ಅಂತಾಯಿತು. ಆಮೇಲೆ ಗಾಡಿ ಮುಟ್ಟಬಾರದು ಅಂತ. ಕಸ ಗುಡಿಸುವಾಗ ಅದರ ಸುತ್ತಲೂ ಪ್ರದಕ್ಷಿಣೆ ಹಾಕಿ ಗುಡಿಸುತ್ತಿದ್ದೆ. ಅತ್ತೆ ಕೆಟ್ಟವರಲ್ಲ, ನನಗೆ ಜ್ವರ ಬಂದಾಗ ತಲೆಯ ಹತ್ತಿರ ಕೂತು ಗಂಜಿ ಕುಡಿಸಿದವರು. ಅದಕ್ಕೇ ನನಗೆ ಇನ್ನೂ ಸಿಟ್ಟು. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಗಾಡಿ ಎಷ್ಟು ಕೆಟ್ಟಿತೋ ಅತ್ತೆಯ ಪೂಜೆ ಅಷ್ಟು ಜೋರಾಯಿತು. ಒಂದು ಕಾಯಿ ಇದ್ದದ್ದು ಎರಡಾಯಿತು.

ಅಡುಗೆಮನೆಯ ಕ್ಯಾಲೆಂಡರ್ ನನ್ನ ಕಣ್ಣೆದುರೇ ತೂಗುತ್ತಿತ್ತು. ಮದುವೆಯ ಮರುದಿನದ್ದೊಂದು ಬಿಟ್ಟರೆ ಲೈಟು ಬರುವುದು ಪ್ರತಿ ಸಲ ಅಮಾವಾಸ್ಯೆ ಆದಮೇಲೆಯೇ, ಆಮೇಲೆ ಒಂದು ವಾರ ಹೋಗುವುದರೊಳಗೆ ತಾನಾಗಿ ಸುಧಾರಿಸುತ್ತದೆ ಅನ್ನುವುದು ನನ್ನ ತಲೆಗೆ ಹೊಳೆಯಿತು. ಅತ್ತೆಗೂ ಹೊಳೆದಿತ್ತು. ಅವರು ಅದಕ್ಕೆ ಕಟ್ಟಿದ ಅರ್ಥ ಬೇರೆ, ಅಮಾವಾಸ್ಯೆಗೆ ನನ್ನ ಬೆನ್ನಿಗೆ ಏನೋ ಗಾಳಿ ಸೋಕುತ್ತದೆ ಅಂತ.

ಹುಬ್ಬಳ್ಳಿಯವರ ಮೇಲೆ ಬೇಸತ್ತು ಅಜಯ ಕೊನೆಗೆ ಮಹಾಬಳೇಶ್ವರನನ್ನು ಕರೆತಂದ. ಅಂಬೇವಾಡಿಯಲ್ಲೇ ತಗಡಿನ ಶೆಡ್ಡು ಹಾಕಿಕೊಂಡ ಮೆಕ್ಯಾನಿಕ್, ಎಲ್ಲರಿಗೂ ಮಾಬಳೇಶಣ್ಣ. ಬಾಯಿ ತೆರೆದರೆ ಚೇಷ್ಟೆ, ಹೇಳಿದ ದಿನ ಒಂದು ಗಾಡಿಯನ್ನೂ ಕೊಟ್ಟವನಲ್ಲ. ಸ್ಕ್ಯಾನರ್ ಕೂಡ ಯಾರ ಹತ್ತಿರವೋ ಎರವಲು ತಂದಿದ್ದ. ಗಾಡಿ ಏನೇನು ಕೋಡ್ ಹೇಳಿತ್ತು ಅನ್ನುವುದನ್ನೆಲ್ಲ ಕೇಳಿ, ತಲೆ ಕೆರೆದುಕೊಂಡು, ಚಹಾ ಕೊಡಲು ಹೋದ ನನಗೆ ಹೇಳಿದ:

“ಮೂರು ಕೂಸು ಕೂಡೇ ಅಳಾಕ ಹತ್ತಿದ್ರ, ಮೂರಕ್ಕೂ ಹೊಟ್ಟಿನೋವು ಅಂತ ತಿಳೀಬಾರ್ದು ತಂಗಿ. ಅವರವ್ವ ಎಲ್ಲಿ ಹೋಗ್ಯಾಳ ನೋಡಬೇಕು. ಸೆನ್ಸರ್ ಕೆಟ್ಟಿಲ್ಲ, ಸೆನ್ಸರಿನ ಸುದ್ದಿ ತರೂ ವೈರಿನ್ಯಾಗ ಎಲ್ಲೋ ಐತಿ.”

ಅಜಯ ಸ್ನಾನಕ್ಕೆ ಹೋಗಿದ್ದ, ಅತ್ತೆ ಒಳಗಿದ್ದರು. ನಾನು ದನಿ ತಗ್ಗಿಸಿ, “ಅಣ್ಣಾ, ಈ ಲೈಟು ಅಮಾಸಿ ಆದಮ್ಯಾಲೆನ ಬರ್ತೈತಿ,” ಅಂದೆ.

ಅವನು ನಕ್ಕ. “ಏ, ನೀನೂ ನಿಮ್ಮತ್ತಿ ಹಂಗ ಮಾತಾಡಾಕ ಹತ್ತಿದೇನು?”

ನನ್ನ ಮೈಯೆಲ್ಲ ಉರಿಯಿತು. “ದೆವ್ವದ ಮಾತಲ್ಲಣ್ಣಾ. ಅಮಾಸಿ ದಿನ ಈ ಎಂಜಿನ್ನಿಗೆ ಏನೇನ ಮಾಡ್ತಾರ ನೀನ ವಿಚಾರ ಮಾಡು. ನಾ ಬಾಯಿಬಿಟ್ಟು ಹೇಳಿದ್ರ ಈ ಮನ್ಯಾಗ ಇರಾಕಾಗೂದಿಲ್ಲ.”

ಅವನ ನಗು ನಿಂತಿತು. ಚಹಾ ಕುಡಿದು, ಮುಂದಿನ ವಾರ ಬರುತ್ತೇನೆ ಅಂತ ಹೋದ. ಅವನ ಮುಂದಿನ ವಾರ ಅಂದರೆ ಯಾವ ವಾರ ಅನ್ನುವುದು ದೇವರಿಗೇ ಗೊತ್ತು.

ಅವನು ಬರುವುದರೊಳಗೆ ಅತ್ತೆ ತಮ್ಮದೇ ಒಂದು ಪರೀಕ್ಷೆ ಹುಡುಕಿದ್ದರು.

“ಯವ್ವಾ ಪೂರ್ಣಿಮಾ, ಒಂದು ಅಮಾಸಿ ತವರಿನ್ಯಾಗ ಇದ್ದು ಬಾ,” ಅಂದರು, ನನ್ನ ತಲೆ ಸವರುತ್ತ. “ನೀ ಇಲ್ಲದಾಗೂ ಲೈಟ್ ಬಂತಂದ್ರ ನಿಂದೇನೂ ತಪ್ಪಿಲ್ಲ. ನಾನ ಈರಕ್ಕನ ಮುಂದ ಹೇಳ್ತೇನಿ. ಬರ್ಲಿಲ್ಲಂದ್ರ, ಮುಂದ ನೋಡೂಣು.”

ಗ್ಯಾರೇಜಿನಲ್ಲೂ ಹೀಗೇ ಮಾಡುತ್ತಾರೆ. ಒಂದು ಸಾಮಾನು ಕಳಚಿಟ್ಟು ಗಾಡಿ ಓಡಿಸಿ ನೋಡುತ್ತಾರೆ. ನಾನು ಅಜಯನ ಮುಖ ನೋಡಿದೆ. ಅವನು ಮೊಬೈಲ್ ನೋಡುತ್ತ, “ಒಂದ ಅಮಾಸಿ ಅಲ್ಲೇನು, ಅವ್ವನ ಸಮಾಧಾನಕ್ಕ,” ಅಂದ. ನಾನು ಬಸ್ಸಿನಲ್ಲಿ ಮುಂಡಗೋಡಕ್ಕೆ ಬಂದೆ.

ತವರಿನಲ್ಲಿ ನಮ್ಮವ್ವ ಶಿವವ್ವ ಏನಾಯಿತು ಅಂತ ಕೇಳಲಿಲ್ಲ. ಬೀಗರ ಮನೆಯ ಮಾತು ಆಗಲೇ ಇಲ್ಲಿಗೂ ಬಂದು ತಲುಪಿತ್ತು. ನಾನು ದಿನಾ ಒಂದೇ ಬೇಡಿಕೊಂಡೆ: ಲೈಟು ಬರಲಿ. ಗಂಡನ ಗಾಡಿ ಏರಿನಲ್ಲಿ ನಿಲ್ಲಲಿ ಅಂತ ಹರಕೆ ಹೊತ್ತ ಹೆಂಡತಿ ನಾನೊಬ್ಬಳೇ ಇರಬೇಕು.

ಅಮಾವಾಸ್ಯೆ ಇನ್ನೂ ದೂರ ಇದ್ದಾಗ ಮಾಬಳೇಶಣ್ಣನ ಫೋನು ಬಂತು. ಫೋನಿನಲ್ಲೇ ಕುಣಿಯುತ್ತಿದ್ದ.

“ತಂಗೀ, ನಿನ್ನ ಮಾತು ಖರೆ ಆತು ನೋಡು! ಬಾನೆಟ್ಟಿನ ಬುಡಕ್ಕ ಒಂದು ಕಪ್ಲರ್ ಐತಿ, ಸೆನ್ಸರಿನ ವೈರೆಲ್ಲಾ ಕೂಡೂ ಪ್ಲಾಸ್ಟಿಕ್ ಡಬ್ಬಿ. ಅದರ ರಬ್ಬರ್ ಕಿತ್ತು ಹೋಗೈತಿ. ಮದವಿ ವಾಷಿಂಗಿನ್ಯಾಗ ಆ ನೀರಿನ ಹೊಡ್ತಕ್ಕ ಹೋಗಿರಬೇಕು. ಬಿಚ್ಚಿ ನೋಡ್ತೇನಿ, ಒಳಗ ಪಿನ್ನೆಲ್ಲಾ ಹಸರಗಟ್ಟ್ಯಾವು, ಕುಂಕುಮದ ರಾಡಿ ಆಗೈತಿ, ಒಂದು ಕಾಯಿನಾರು ಬ್ಯಾರೆ. ಮೂಸಿ ನೋಡಿದ್ರ ಹುಳಿ ಕೊಬ್ಬರಿ ವಾಸನಿ! ಕಾಯಿನೀರು ಹಸಿ ಇದ್ದಾಗ ಲೈಟು, ಒಣಗಿದಮ್ಯಾಲೆ ಸುಮ್ನ. ಮತ್ತ ಅಮಾಸಿ ಬಂತು, ಮತ್ತ ಹಸಿ. ಅಷ್ಟ ಕತಿ!”

“ಮನ್ಯಾಗ ತೋರಿಸಿದೇನಣ್ಣಾ?”

“ನಿನ್ನ ಗಂಡಗೂ ತೋರಿಸೇನಿ, ನಿಮ್ಮ ಮಾವಗೂ ತೋರಿಸೇನಿ. ದ್ಯಾಮಪ್ಪಣ್ಣ ಕೈಯಾಗ ಹಿಡದು ಎಷ್ಟೋತ್ತಿನ ತನಕ ನೋಡಿದ. ಹಳೇ ಕಪ್ಲರ್ ಒಗದು ಹೊಸಾದು ಕಟ್ಟೇನಿ. ಇನ್ನ ಚಿಂತಿಲ್ಲ.”

ನಾನು ಫೋನಿಟ್ಟು ಅಳುತ್ತ ನಗುತ್ತ ಎಲ್ಲರಿಗೂ ಹೇಳಿದೆ. ಕಾಯಿನೀರು, ನಾನಲ್ಲ. ನನ್ನ ದೃಷ್ಟಿ ತೆಗೆಯಲು ಹೊಯ್ದ ಕಾಯಿನೀರು! ಅವ್ವ ಕಡಲೆಬೇಳೆ ನೆನೆಯಿಟ್ಟಳು, ಹೋಳಿಗೆ ಮಾಡಲು. ನಮ್ಮಪ್ಪ ಚನಬಸಪ್ಪ ಮಾತ್ರ ಕಟ್ಟೆಯಿಂದ ಏಳಲಿಲ್ಲ. ಅಲ್ಲಿಂದಲೇ ಕೇಳಿದ:

“ಗಾಡಿ ರಿಪೇರಿ ಆತಂದ್ರ, ಈ ಅಮಾಸಿಗೆ ಲೈಟು ಬರೂದಿಲ್ಲಲ್ಲವಾ?”

ಲೈಟು ಬರುವುದಿಲ್ಲ. ನಾನಿಲ್ಲದ ಅಮಾವಾಸ್ಯೆಗೆ ಲೈಟು ಬರುವುದಿಲ್ಲ. ಅತ್ತೆಯ ಪರೀಕ್ಷೆಯಲ್ಲಿ ನಾನು ಸೋಲುವ ಹಾಗೆ ನಾನೇ ಮೆಕ್ಯಾನಿಕ್ಕನ ಕಿವಿಯಲ್ಲಿ ಊದಿ ಬಂದಿದ್ದೆ.

ಆಗಿಂದಾಗಲೇ ಅಜಯನಿಗೆ ಫೋನು ಮಾಡಿದೆ. “ಅಮಾಸಿ ಬರೂದ್ರೊಳಗ ಅತ್ತಿಗೆ ಹೇಳ್ರೀ. ನೀವು ನೋಡಿದ್ದನ್ನ ನೋಡಿದಂಗ ಹೇಳ್ರಿ, ಅಷ್ಟ ಸಾಕು.”

“ಹೇಳ್ತೇನಿ,” ಅಂದ.

ಮರುದಿನ ಮತ್ತೆ ಮಾಡಿದೆ. “ಹೇಳ್ತೇನಿ ಅಂದ್ನೆಲ್ಲ,” ಅಂದ. ಅದರ ಮರುದಿನ ಫೋನು ಎತ್ತಲಿಲ್ಲ, ಗಾಡಿ ಓಡಿಸುತ್ತಿದ್ದೆ ಅಂತ ಮೆಸೇಜು ಹಾಕಿದ. ಗಾಡಿ ಚೆನ್ನಾಗಿ ಓಡುತ್ತಿತ್ತಲ್ಲ.

ಅಮಾವಾಸ್ಯೆ ಆಗಿ ವಾರ ಕಳೆದಮೇಲೆ ಅತ್ತೆಯ ಫೋನು ಬಂತು, ನನಗಲ್ಲ, ನಮ್ಮವ್ವನಿಗೆ. ದನಿ ಬೆಲ್ಲದ ಹಾಗಿತ್ತು. “ಬೀಗ್ತಿ, ಲೈಟು ಬರ್ಲಿಲ್ಲ ನೋಡ್ರಿ. ಈ ಸಲ ಮೂರು ಕಾಯಿ ಒಡದು ಎಂಜಿನ್ನಿಗೆ ಹಾಕೇನಿ. ದೇವರು ಕಣ್ಣು ತೆರದಾನ. ನಿಮ್ಮ ಮಗಳ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಆಕಿ ಹಣೇಬರದಾಗ ಗಾಡಿ ಕೂಡೂದಿಲ್ಲ, ಅಷ್ಟ. ಬರ್ಲಿ ಮನಿಗೆ, ಗಾಡಿಗೆ ದೂರ ಇದ್ದು ಬಾಳೇ ಮಾಡ್ಲಿ.”

ಅವ್ವ “ಹೂಂನ್ರೀ, ಹೂಂನ್ರೀ” ಅಂತ ಕಣ್ಣೊರೆಸಿಕೊಂಡಳು. ಮೂರು ಕಾಯಿ ಎಂಜಿನ್ನಿಗೆ ಹಾಕಿದರೂ ಲೈಟು ಬರಲಿಲ್ಲ ಅನ್ನುವುದು ನನಗೂ ಆಶ್ಚರ್ಯವೇ. ಹೊಸ ಕಪ್ಲರ್ ಅಷ್ಟು ಗಟ್ಟಿಯೇ ಅಂದುಕೊಂಡೆ.

ಮುಂದಿನ ಭಾನುವಾರ ಅಜಯ ನನ್ನನ್ನು ಕರೆಯಲು ಬಂದ. ಅದೇ ಪಿಕಪ್ಪಿನಲ್ಲಿ. ಮುಖದಲ್ಲಿ ಕಳೆ ಬಂದಿತ್ತು, ಎರಡು ರೆಸಾರ್ಟು ತಿರುಗಿ ಸಿಕ್ಕಿದ್ದವು. ಅಪ್ಪನ ಜೊತೆ ಊಟ ಮಾಡಿದ, ಅವ್ವ ಬಡಿಸಿದ್ದನ್ನೆಲ್ಲ ಉಂಡ. ಆಮೇಲೆ ನನ್ನ ಟ್ರಂಕು ಎತ್ತಿ ಹಿಂದೆ ಇಟ್ಟು ಹಗ್ಗ ಬಿಗಿದ. ನಾನು ಸೀರೆಯ ನೆರಿಗೆ ಹಿಡಿದು ಮುಂದಿನ ಬಾಗಿಲ ಹತ್ತಿರ ಹೋದೆ.

“ಪೂರ್ಣಿ,” ಅಂದ, ಬಾಗಿಲಿಗೆ ಅಡ್ಡ ನಿಂತು. “ನೀ ಬಸ್ಸಿಗೆ ಬಾ.”

“ಏನು?”

“ಸಾಮಾನು ನಾ ಒಯ್ತೇನಿ. ಈಗ ಯಲ್ಲಾಪುರದ ಬಸ್ಸು ಬರ್ತೈತಿ. ಅವ್ವಗ ಮಾತು ಕೊಟ್ಟ ಬಂದೇನಿ.”

ನನ್ನ ಟ್ರಂಕು ಗಾಡಿಯಲ್ಲಿ, ನಾನು ಬಸ್ಸಿನಲ್ಲಿ! ಟ್ರಂಕಿಗೆ ಕಾಲ್ಗುಣ ಇಲ್ಲ ನೋಡಿ. ನಾನು ಗಾಡಿಯ ಮುಂದೆ ಹೋಗಿ, ಬಾನೆಟ್ಟಿನ ಕೆಳಗೆ ಕೈ ಹಾಕಿ ಕೊಂಡಿ ಎಳೆದು ಎತ್ತಿದೆ. ಅತ್ತೆ ಪೂಜೆಗೆ ಎತ್ತಿಸುವುದನ್ನು ನೋಡಿಯೇ ಅದನ್ನು ಕಲಿತದ್ದು. “ಏ, ಏನ ಮಾಡ್ತಿ,” ಅಂತ ಅವನು ಬರುವುದರೊಳಗೆ ನೋಡಿಯಾಗಿತ್ತು.

ಎಂಜಿನ್ನಿನ ಮೇಲೆ ಹಳೇ ವಿಭೂತಿ, ಹೊಸ ಕುಂಕುಮ. ಪಕ್ಕದಲ್ಲಿ ವೈರುಗಳು ಕೂಡುವ ಜಾಗಕ್ಕೆ ಲಾರಿ ಟ್ಯೂಬಿನ ಕರಿ ರಬ್ಬರನ್ನು ಅಳತೆಗೆ ಕತ್ತರಿಸಿ, ಅಂಚು ಮಡಚಿ, ಎರಡೂ ಕಡೆ ದಾರದಿಂದ ಬಿಗಿದಿದ್ದರು. ಮೇಲೆ ಬಿದ್ದ ನೀರು ಜಾರಿ ಕೆಳಗೆ ಹೋಗಲಿ ಅಂತ ಒಂದು ಬದಿಗೆ ಇಳಿಜಾರು ಬೇರೆ ಕೊಟ್ಟಿದ್ದರು. ತೊಟ್ಟಿಲ ಕೂಸಿಗೂ ಯಾರೂ ಅಷ್ಟು ನಾಜೂಕಾಗಿ ಹೊದಿಸುವುದಿಲ್ಲ. ನಾನು ಒಂದು ಕಡೆಯ ದಾರ ಎಳೆದೆ. ಅದು ಬಿಚ್ಚಿತು.

“ಇದನ್ನ ಯಾರು ಮಾಡಿದ್ರು?”

“ಅಪ್ಪ,” ಅಂದ. “ಅವ್ವ ಕಾಯಿ ಹಾಕೂದು ಬಿಡೂದಿಲ್ಲ. ಕಪ್ಲರಿಗೆ ನೀರು ಇಳೀಬಾರ್ದಲ್ಲ.”

“ಅಂದ್ರ ಇಬ್ಬರಿಗೂ ಗೊತ್ತೈತಿ. ಗೊತ್ತಿದ್ದೂ ಅತ್ತಿಗೆ ಹೇಳ್ಲಿಲ್ಲ.”

“ಹೆಂಗ ಹೇಳ್ಲಿ ಪೂರ್ಣಿ? ತಾನ ಪೂಜಿ ಮಾಡಿ ಮಾಡಿ ಗಾಡಿ ಕೆಡಿಸಿದೆ ಅಂತ ತಿಳದ್ರ ಆಕಿ ಎದಿ ಒಡಕೋತಾಳ. ವಯಸ್ಸಾದಾಕಿ. ದೇವರ ಮ್ಯಾಲಿನ ನಂಬಿಗಿ ಅದು.”

“ಮತ್ತ ನಾ?”

ಅವನು ನನ್ನ ಭುಜದ ಮೇಲೆ ಕೈಯಿಟ್ಟ. ಪ್ರೀತಿಯಿಂದಲೇ ಇಟ್ಟ. “ನೀ ತಿಳುವಳಿಕಿ ಇದ್ದಾಕಿ. ನಿಂದು ತಪ್ಪಿಲ್ಲಂತ ನನಗ ಗೊತ್ತೈತಿ, ನಿನಗ ಗೊತ್ತೈತಿ. ಸಾಕಲ್ಲ?”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅತ್ತೆಗೆ ದೇವರು ಉಳಿದ, ಮಾವನಿಗೆ ಪದ್ಧತಿ ಉಳಿಯಿತು, ಅಜಯನಿಗೆ ಗಾಡಿ ಉಳಿಯಿತು. ಎಲ್ಲರದೂ ಉಳಿಯಬೇಕಾದರೆ ಒಬ್ಬರ ಮೇಲೆ ತಪ್ಪು ಇರಬೇಕಲ್ಲ, ಅದಕ್ಕೆ ತಿಳುವಳಿಕೆ ಇದ್ದವಳು ನಾನು.

ನಾನು ಹಿಂದೆ ಹೋಗಿ ಹಗ್ಗ ಬಿಚ್ಚಿದೆ. ಟ್ರಂಕನ್ನು ಎಳೆದು ಕೆಳಗೆ ಇಳಿಸಿದೆ. ಭಾರ ಇತ್ತು, ಯಾರೂ ಕೈ ಹಚ್ಚಲಿಲ್ಲ. ಅವ್ವ ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

“ಹೋಗಿ ನಿಮ್ಮವ್ವಗ ಹೇಳ್ರಿ,” ಅಂದೆ. “ಈರಕ್ಕನ ಮುಂದ ಅವರ ಬಾಯಿಲೆ ಅನಸ್ರಿ, ಪೂರ್ಣಿಮಾಂದು ತಪ್ಪಿಲ್ಲ ಅಂತ. ಅವತ್ತ ಕರಿಯಾಕ ಬರ್ರಿ. ಬಸ್ಸಿಗಲ್ಲ, ಇದ ಗಾಡ್ಯಾಗ ಮುಂದ ಕುಂತು ಬರ್ತೇನಿ.”

ಅವನು ನನ್ನನ್ನು ನೋಡಿದ. ಟ್ರಂಕನ್ನು ನೋಡಿದ. ನಾನು ಕಾಯುತ್ತಿದ್ದೆ, ಆ ಹೊತ್ತಿನಲ್ಲೂ ಕಾಯುತ್ತಿದ್ದೆ.

ಅವನು ಗಾಡಿಯ ಮುಂದೆ ಹೋಗಿ ಬಗ್ಗಿದ. ನಾನು ಬಿಚ್ಚಿದ್ದ ದಾರವನ್ನು ಹುಡುಕಿ, ಟ್ಯೂಬನ್ನು ಮೊದಲಿನ ಹಾಗೆ ಸರಿಯಾಗಿ ಹೊದಿಸಿ, ಎರಡು ಗಂಟು ಹಾಕಿ, ಎಳೆದು ನೋಡಿದ. ಬಾನೆಟ್ ಮೆಲ್ಲಗೆ ಹಾಕಿದ. ಕೀಲಿ ತಿರುವಿದಾಗ ಹಳದಿ ಲೈಟು ಎಂದಿನಂತೆ ಒಮ್ಮೆ ಹತ್ತಿ, ಎಂಜಿನ್ ಶುರುವಾದ ಕೂಡಲೇ ಆರಿತು.

ನಮ್ಮೂರಿನ ಏರನ್ನು ಗಾಡಿ ಒಂದೇ ಉಸಿರಿಗೆ ಹತ್ತಿತು. ಕಟ್ಟೆಯ ಮೇಲಿನವರು ನೋಡುತ್ತಿದ್ದರು. ಅವಳಿಲ್ಲದೆ ಎಷ್ಟು ಹಗುರ ಹೋಯಿತು ನೋಡು ಅಂತ ಇನ್ನು ಈ ಊರಿನವರೂ ಅನ್ನಬಹುದು.